ಮುಂದಿನ ಬ್ರೇಕಿಗೆ ಎರಡು ಬಲಗೈ

ಮೋಟಾರ್ ಸೈಕಲ್ ರಿಪೇರಿಗೆ ಇಳಿದ ಹೊಸಬರು ನನ್ನನ್ನು ಕಂಡರೆ ಕೇಳುವುದೆಲ್ಲ ಇಂಜಿನ್ನಿನ ಮಾತೇ. ಎಷ್ಟು ಇಂಜಿನ್ ಬಿಚ್ಚಿದ್ದೀರಿ, ಯಾವ ಗಾಡಿಯದು ಗಟ್ಟಿ, ಯಾವುದು ಬೇಗ ಹೊಗೆ ಉಗುಳುತ್ತದೆ. ಬ್ರೇಕಿನ ಬಗ್ಗೆ ಇಂದಿನವರೆಗೆ ಒಬ್ಬರೂ ಬಾಯಿ ಬಿಟ್ಟಿಲ್ಲ. ಓಡಿಸುವುದರಲ್ಲಿರುವ ಮೋಜು ನಿಲ್ಲಿಸುವುದರಲ್ಲಿ ಎಲ್ಲಿಂದ ಬರಬೇಕು? ಅದಕ್ಕೇ ಕೇಳದಿದ್ದರೂ ಹೇಳುತ್ತಿದ್ದೇನೆ. ನಾನು ನಟ್ಟು ಬಿಗಿಯುವ ಪಾನಾ ಹಿಡಿದು ತಲೆ ಬೆಳ್ಳಗೆ ಮಾಡಿಕೊಂಡವನು. ಕೊನೆಯ ಕೆಲವು ವರ್ಷ ನನಗೂ ಒಂದು ಕುರ್ಚಿ, ತಲೆಯ ಮೇಲೊಂದು ಫ್ಯಾನು ಸಿಕ್ಕವು. ಆ ಕುರ್ಚಿಯಲ್ಲಿ ಕೂತು ನಾನು ಕಲಿತದ್ದು ತೂಕಡಿಸುವುದನ್ನು ಮಾತ್ರ. ಹೀಗಾಗಿ ಅದನ್ನು ಬಿಟ್ಟು ನೆಲದ ಮೇಲೆ ಕೂತ ವರ್ಷಗಳ ಸುದ್ದಿಯನ್ನಷ್ಟೇ ಬರೆಯುತ್ತೇನೆ.

ನಾನು ಕೆಲಸಕ್ಕೆ ಸೇರಿದ್ದು ಐವತ್ತರ ದಶಕ ಮುಗಿಯುತ್ತಿದ್ದಾಗ. ವಿಜಯಪುರವನ್ನು ಆಗ ಬಿಜಾಪುರ ಅನ್ನುತ್ತಿದ್ದರು. ಗೋಳಗುಮ್ಮಟದ ಕಡೆಗೆ ಹೋಗುವ ರಸ್ತೆಯಲ್ಲಿ ತಗಡು ಹೊದಿಸಿದ ಒಂದು ಗ್ಯಾರೇಜಿತ್ತು. ಮೊದಲು ಎಣ್ಣೆ ಇಂಜಿನ್ನು, ಲಾರಿ ಮಾತ್ರ ಬರುತ್ತಿದ್ದವು. ಆಮೇಲೆ ಊರಲ್ಲಿ ಅಲ್ಲೊಂದು ಇಲ್ಲೊಂದು ಫಟಫಟಿ ಕಾಣಿಸಿಕೊಂಡವು. ಮೋಟಾರ್ ಸೈಕಲ್ಲಿಗೆ ನಮ್ಮ ಕಡೆ ಆಗ ಇದ್ದ ಹೆಸರೇ ಅದು.

ನನ್ನ ಮನೆ ಅರಕೇರಿಯಲ್ಲಿ, ಊರ ಹೊರಗಿನ ಕೇರಿಯಲ್ಲಿ. ಅಪ್ಪ ಕಲ್ಲಿನ ಕಣಿಯಲ್ಲಿ ಕೂಲಿ ಮಾಡುತ್ತಿದ್ದ. ಆ ವರ್ಷಗಳಲ್ಲಿ ನಮ್ಮ ಕೇರಿಯ ಹಲವು ಮನೆಗಳಂತೆ ನಮ್ಮ ಮನೆಯ ಗೋಡೆಗೂ ಬುದ್ಧನ ಚಿತ್ರ ಬಂತು. ನಾವು ಬೌದ್ಧರು ಎಂದು ಅಪ್ಪ ಎದೆ ಮುಂದೆ ಮಾಡಿ ಹೇಳುತ್ತಿದ್ದ. ಊರವರು ಕೇಳಿಸಿಕೊಂಡು, ಹಿಂದಿನಂತೆಯೇ ನಾಲ್ಕು ಹೆಜ್ಜೆ ದೂರ ನಿಂತು ಮಾತನಾಡುತ್ತಿದ್ದರು. ಗ್ಯಾರೇಜಿನಲ್ಲಿ ಮಾತ್ರ ಆ ಕಾಟ ಕಡಿಮೆ. ಗ್ರೀಸ್ ಮೆತ್ತಿದ ಮೇಲೆ ಎಲ್ಲರ ಕೈಗೂ ಒಂದೇ ಬಣ್ಣ.

ಅಲ್ಲಿ ನಮಗೆ ಹಿರಿಯರು ಶಂಕ್ರಪ್ಪ ಉಸ್ತಾದರು. ಲಾರಿ ಗೇಟಿನ ಒಳಗೆ ಬರುವ ಮೊದಲೇ ಸಪ್ಪಳ ಕೇಳಿ ಅದರ ರೋಗ ಹೇಳುವ ಮನುಷ್ಯ. ಬೈಗುಳಕ್ಕೂ ಬಡತನ ಇರಲಿಲ್ಲ. ಆದರೆ ಫಟಫಟಿಯ ಮುಂದಿನ ಬ್ರೇಕಿನ ಮೇಲೆ ಅವರಿಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ.

"ಮುಂದಿಂದು ಹಿಡಿದ್ರ ಹಿಂದಿಂದು ಏಳತೈತಿ, ಹಿಂದ ಕುಂತಾವ ಮುಂದ ಬೀಳ್ತಾನ. ಅದು ಇದ್ರೆಷ್ಟು ಬಿಟ್ರೆಷ್ಟು," ಅನ್ನುತ್ತಿದ್ದರು.

ಗಿರಾಕಿಗಳ ಭಯವೂ ಅದೇ. ಹೊಸ ಗಾಡಿ ಕೊಂಡವರು ಪೂಜೆ ಮಾಡಿಸಿ, ನಿಂಬೆಹಣ್ಣಿನ ಮೇಲೆ ಗಾಲಿ ಹತ್ತಿಸಿ, ಸೀದಾ ನಮ್ಮಲ್ಲಿಗೆ ಬಂದು ಮುಂದಿನ ಬ್ರೇಕಿನ ತಂತಿ ಬಿಚ್ಚಿಸಿಕೊಂಡು ಹೋಗುತ್ತಿದ್ದರು. ನಾನೇ ಎಷ್ಟೋ ಗಾಡಿಗಳ ತಂತಿ ಬಿಚ್ಚಿ, ಸುತ್ತಿ, ಮಾಲೀಕರ ಕೈಗೆ ಕೊಟ್ಟಿದ್ದೇನೆ. ಹೀಗೆ ಅರ್ಧ ಜಿಲ್ಲೆ ಒಂದೇ ಬ್ರೇಕಿನ ಮೇಲೆ ಓಡಾಡುತ್ತಿತ್ತು. ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ.

ಬ್ರೇಕಿನ ಮೇಲೆ ನನಗೆ ಮೊದಲ ಆಸೆ ಹುಟ್ಟಿಸಿದವರು ಟಿಕೋಟಾದ ಕಿರಾಣಿ ವ್ಯಾಪಾರಿ ಸಿದ್ರಾಮಪ್ಪನವರು. ಅವರ ಗಾಡಿ ನಿಲ್ಲುವುದೇ ಇಲ್ಲ ಎಂದು ಕರೆ ಬಂತು. ಆಗ ಗಾಡಿಯನ್ನು ಗ್ಯಾರೇಜಿಗೆ ತರುವುದಕ್ಕಿಂತ ಮಿಸ್ತ್ರಿಯನ್ನು ಮನೆಗೆ ಕರೆಸುವುದೇ ರೂಢಿ, ವೈದ್ಯರನ್ನು ಕರೆಸಿದ ಹಾಗೆ. ಪಾನಾಗಳ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಅಂಗಡಿಯ ಹಿಂದಿನ ಗೋದಾಮಿನಲ್ಲಿ ಗಾಡಿ ನಿಲ್ಲಿಸಿದ್ದರು. ಮುಂದಿನ ಗಾಲಿ ಬಿಚ್ಚಿ ನೋಡಿದರೆ ಒಳಗೆಲ್ಲ ಘಮಘಮ ವಾಸನೆ. ಬೆರಳಿಗೆ ಹಚ್ಚಿ ಮೂಸಿದೆ. ಸಂಶಯವೇ ಇಲ್ಲ, ಕುಸುಬಿ ಎಣ್ಣೆ.

"ಯಜಮಾನ್ರ, ಇದರಾಗ ಎಣ್ಣಿ ಯಾರು ಬಿಟ್ರಿ?"

"ನಾನ ಬಿಟ್ಟೀನಿ. ಬ್ರೇಕ್ ಹಿಡಿದಾಗೊಮ್ಮೆ ಕಿರ್ ಅಂತಿತ್ತು. ಬಂಡಿಗಾಲಿ ಕಿರ್ ಅಂದ್ರ ಎಣ್ಣಿ ಬಿಡಂಗಿಲ್ಲೇನು? ಬಿಟ್ಟ ಮ್ಯಾಲ ಸಪ್ಪಳ ಪೂರಾ ನಿಂತೈತಿ ನೋಡು."

"ಸಪ್ಪಳದ ಜೋಡಿ ಬ್ರೇಕೂ ನಿಂತೈತ್ರಿ," ಅಂದೆ.

ಸಿದ್ರಾಮಪ್ಪನವರು ಒಂದು ಗಳಿಗೆ ನನ್ನ ಮುಖ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ತರ್ಕದಲ್ಲಿ ತಪ್ಪೇನೂ ಇರಲಿಲ್ಲ. ತಲೆಮಾರುಗಳಿಂದ ಬಂಡಿ ಹೂಡಿದ ಮನೆ, ಗಾಲಿ ಅಂದರೆ ಉರುಳಬೇಕು ಅಷ್ಟೇ. ಗಾಲಿಯೊಳಗೆ ಉಜ್ಜಿ ಹಿಡಿಯಬೇಕಾದ ಒಂದು ವಸ್ತು ಇದೆ, ಅದು ಒಣಗಿರಬೇಕು ಎಂದು ಅವರಿಗೆ ಯಾರು ಹೇಳಿದ್ದರು? ನಾನು ಡ್ರಮ್ಮನ್ನು ಪೆಟ್ರೋಲಿನಲ್ಲಿ ತೊಳೆದು, ಎಣ್ಣೆ ಕುಡಿದಿದ್ದ ಬ್ರೇಕ್ ಶೂಗಳನ್ನು ಬದಲಿಸಿ, ಗಾಲಿ ಕೂರಿಸಿದೆ. ಅಂಗಡಿಯ ಆಳೊಬ್ಬ ಸುಮ್ಮನೆ ಹ್ಯಾಂಡಲ್ಲಿನ ಬ್ರೇಕ್ ಲಿವರ್ ಅಮುಕುತ್ತ ಆಟವಾಡುತ್ತಿದ್ದ. ಅವನು ಹಿಡಿದಿದ್ದಾಗಲೇ ನಾನು ಗಾಲಿಯ ನಟ್ಟು ಬಿಗಿದೆ. ಗಾಡಿ ಓಡಿಸಿ ನೋಡಿದರೆ ಮುಂದಿನ ಬ್ರೇಕು ಬೆಣ್ಣೆಯಂತೆ ಹಿಡಿಯಿತು. ಇಷ್ಟು ಚೆನ್ನಾಗಿ ಹಿಡಿಯುವ ಮುಂದಿನ ಬ್ರೇಕನ್ನು ನಾನು ಅದುವರೆಗೆ ಕಂಡಿರಲಿಲ್ಲ. ಯಾಕೆ ಹಾಗಾಯಿತು ಎಂದು ನನಗೆ ಗೊತ್ತಾಗಲಿಲ್ಲ. ನನ್ನ ಕೈಗುಣ ಅಂದುಕೊಂಡು ಮೀಸೆಯ ಮೇಲೆ ಕೈ ಆಡಿಸಿಕೊಂಡೆ. ಮೀಸೆ ಆಗಿನ್ನೂ ಸರಿಯಾಗಿ ಬಂದೂ ಇರಲಿಲ್ಲ.

ಓದುವವರಲ್ಲಿ ಈ ಕಸುಬಿಗೆ ಹೊಸಬರೂ ಇರಬಹುದು, ಅವರಿಗಾಗಿ ನಾಲ್ಕು ಮಾತು. ಮುಂದಿನ ಗಾಲಿಯ ನಡುವೆ ಒಂದು ಡ್ರಮ್ಮು, ಅದರೊಳಗೆ ಅರ್ಧಚಂದ್ರದ ಆಕಾರದ ಎರಡು ಶೂ. ಹ್ಯಾಂಡಲ್ಲಿನ ಬಲಗಡೆಯ ಲಿವರ್ ಹಿಡಿದರೆ ತಂತಿ ಎಳೆಯುತ್ತದೆ, ಶೂಗಳು ಅಗಲವಾಗಿ ಡ್ರಮ್ಮಿಗೆ ಒತ್ತುತ್ತವೆ. ಎರಡೂ ಸಮನಾಗಿ ಒತ್ತಿದರೆ ಬ್ರೇಕು ಮೆತ್ತಗೆ ಹಿಡಿಯುತ್ತದೆ. ಒಂದು ಮೊದಲು ಮುಟ್ಟಿದರೆ ಗಾಲಿಯನ್ನು ಒಮ್ಮೆಲೇ ಕಚ್ಚುತ್ತದೆ. ಅದರ ಮೇಲೆ ಗಾಲಿಯನ್ನು ಹಿಡಿದಿರುವ ಫೋರ್ಕಿನ ಎರಡು ಕಾಲುಗಳು ಸ್ವಲ್ಪ ತಿರುಚಿದ್ದರಂತೂ ಮುಗಿಯಿತು, ಹ್ಯಾಂಡಲ್ಲು ಒಂದು ಕಡೆಗೆ ಜಗ್ಗಿ ಗಾಡಿಯೂ ಸವಾರನೂ ರಸ್ತೆ ಬಿಡುತ್ತಾರೆ.

ಟಿಕೋಟಾದಿಂದ ಬಂದ ಮೇಲೆ ಗ್ಯಾರೇಜಿನ ಕಪಾಟಿನಲ್ಲಿ ಒಂದು ಹರಿದ ಕೈಪಿಡಿ ಕಣ್ಣಿಗೆ ಬಿತ್ತು. ಯಾವುದೋ ಗಾಡಿಯ ಜೊತೆ ಬಂದದ್ದು, ಪೂರಾ ಇಂಗ್ಲಿಷು. ನನ್ನ ಓದು ಕನ್ನಡ ಏಳನೆಯ ಇಯತ್ತೆಗೆ ನಿಂತಿತ್ತು. ಅಕ್ಷರ ಬಿಟ್ಟು ಚಿತ್ರ ನೋಡಿದೆ. ಒಂದು ಚಿತ್ರದಲ್ಲಿ ಒಂದು ಕೈ ಲಿವರ್ ಹಿಡಿದಿದೆ, ಇನ್ನೊಂದು ಕೈ ಗಾಲಿಯ ಎಕ್ಸಲ್ ನಟ್ಟು ಬಿಗಿಯುತ್ತಿದೆ. ಓಹೋ, ಬ್ರೇಕ್ ಹಿಡಿದೇ ನಟ್ಟು ಬಿಗಿಯಬೇಕು, ಆಗ ಶೂಗಳು ತಾವಾಗಿ ಡ್ರಮ್ಮಿನ ನಡುವೆ ಹೋಗಿ ಕೂರುತ್ತವೆ ಎಂಬುದು ಹೊಳೆಯಿತು. ಕುಣಿಯುವುದೊಂದು ಬಾಕಿ. ಉಸ್ತಾದರಿಗೆ ತೋರಿಸಿದೆ.

"ಚಿತ್ರ ನೋಡಿ ಅಡಗಿ ಮಾಡ್ತಾರೇನಲೇ?" ಅಂದು ಅವರು ಬೀಡಿ ಹೊತ್ತಿಸಿದರು.

ಒಬ್ಬನೇ ಲಿವರನ್ನೂ ಹಿಡಿದು ನಟ್ಟನ್ನೂ ಬಿಗಿಯಲು ನೋಡಿದೆ. ಕೈ ಹೇಗೋ ಎಟುಕುತ್ತದೆ, ಬಲ ಬೀಳುವುದಿಲ್ಲ. ಚಿತ್ರದ ಮನುಷ್ಯ ಭಾರೀ ಉದ್ದ ಇರಬೇಕು ಅಂದುಕೊಂಡೆ. ಕೊನೆಗೆ ಹಳೆ ಟ್ಯೂಬಿನ ಪಟ್ಟಿ ಕತ್ತರಿಸಿ ಲಿವರನ್ನು ಹ್ಯಾಂಡಲ್ಲಿಗೆ ಬಿಗಿದು ಕಟ್ಟಿ, ಎರಡೂ ಕೈಯಿಂದ ನಟ್ಟು ತಿರುಗಿಸಿದೆ. ನನ್ನ ಬುದ್ಧಿಗೆ ನಾನೇ ಶಭಾಷ್ ಅಂದೆ.

ಆ ಬುದ್ಧಿಯನ್ನು ಚೀಲದಲ್ಲಿ ಹಾಕಿಕೊಂಡು ನಾನು ಹೋದದ್ದು ಬಬಲೇಶ್ವರಕ್ಕೆ, ಚನ್ನಬಸಪ್ಪ ಡಾಕ್ಟರ ಮನೆಗೆ.

ಡಾಕ್ಟರಿಗೆ ಆಗ ಮೂವತ್ತರ ಆಸುಪಾಸು. ಮನೆತನ ವ್ಯಾಪಾರದ್ದು, ಇವರೊಬ್ಬರು ಓದಿ ಡಾಕ್ಟರಾಗಿ ಊರಿಗೇ ಬಂದು ದವಾಖಾನೆ ತೆರೆದಿದ್ದರು. ಸುತ್ತಲಿನ ಹಳ್ಳಿಗಳಿಂದ ಯಾವಾಗ ಕರೆ ಬಂದರೂ ಫಟಫಟಿ ಏರಿ ಹೊರಡುತ್ತಿದ್ದರು. ಬಾಣಂತಿಯರು, ಹಾವು ಕಡಿದವರು, ಜ್ವರದಿಂದ ಮೇಲೇಳದ ಮಕ್ಕಳು, ಎಲ್ಲರಿಗೂ ಆ ಗಾಡಿಯ ಸಪ್ಪಳವೇ ಅರ್ಧ ಔಷಧ. ಮುಂದಿನ ಬ್ರೇಕು ಬೇಕೇಬೇಕು ಎಂದು ಕೇಳಿದ ಮೊದಲ ಗಿರಾಕಿಯೂ ಅವರೇ. ಅದು ಸ್ವಲ್ಪ ಎಡಕ್ಕೆ ಎಳೆಯುತ್ತದೆ, ಸರಿ ಮಾಡು ಎಂದು ಹೇಳಿ ಕಳಿಸಿದ್ದರು.

ಮನೆಯ ಯಜಮಾನಿಕೆ ಅವರ ತಾಯಿ ನೀಲವ್ವನದು. ಗಾಡಿ ಒಳಗೆ ಪಡಸಾಲೆಯಲ್ಲಿ ಇರುತ್ತಿತ್ತು. ಬಾಗಿಲಲ್ಲಿ ನನ್ನನ್ನು ನೋಡಿ ಆಕೆ, "ಯಾವ ಊರಂವ? ಯಾರ ಪೈಕಿ?" ಅಂದಳು. ಹೇಳಿದೆ. ಕೂಡಲೇ ಡಾಕ್ಟರು ತಾವೇ ಗಾಡಿಯನ್ನು ಓಣಿಗೆ ತಳ್ಳಿಕೊಂಡು ಬಂದರು. ಮುಖದ ಮೇಲೆ ನಾಚಿಕೆ ಇತ್ತು.

"ಇಲ್ಲೇ ಮಾಡಿಬಿಡು ಪರಸಪ್ಪ. ಅವ್ವ ಹಳೇ ಕಾಲದಾಕಿ," ಎಂದು ಮೆಲ್ಲಗೆ ಹೇಳಿ, ದವಾಖಾನೆಯಲ್ಲಿ ಜನ ಕಾಯುತ್ತಿದ್ದಾರೆ ಎಂದು ಹೊರಟುಹೋದರು.

ನನಗೆ ಅದು ಹೊಸದೇನೂ ಅಲ್ಲ. ಆದರೆ ಹೊಸದಲ್ಲ ಎಂಬ ಕಾರಣಕ್ಕೆ ನೋವು ಕಡಿಮೆಯಾಗುವುದಿಲ್ಲ. ಬೇಗ ಮುಗಿಸಿ ಬಸ್ಸು ಹಿಡಿಯೋಣ ಎಂಬ ಹಟದಲ್ಲಿ ಕೂತೆ. ಓಣಿ ಹಳ್ಳದ ಕಡೆಗೆ ಇಳಿಜಾರು. ಸ್ಟ್ಯಾಂಡ್ ಹಾಕಿದರೂ ಗಾಡಿ ವಾಲಿಯೇ ನಿಂತಿತ್ತು, ಹ್ಯಾಂಡಲ್ಲು ತಾನಾಗಿ ಒಂದು ಕಡೆಗೆ ತಿರುಗುತ್ತಿತ್ತು. ಗಾಲಿ ನೆಟ್ಟಗಿದೆಯೋ ಸೊಟ್ಟಗಿದೆಯೋ ಕಣ್ಣಿಗೆ ಹೇಗೆ ತಿಳಿಯಬೇಕು? ಸಪಾಟ ನೆಲ ಬೇಕು ಎಂದು ನನಗೆ ಅನ್ನಿಸಿತು. ಬಾಗಿಲಿನಿಂದ ಪಡಸಾಲೆ ಕಾಣುತ್ತಿತ್ತು, ಒಂದೇ ಸಮ ಹಾಸಿದ ಕಲ್ಲು ಚಪ್ಪಡಿ. ಕೇಳಲಿಲ್ಲ. ಕೇಳಿದರೆ ಏನು ಉತ್ತರ ಬರುತ್ತದೆಂದು ಗೊತ್ತಿತ್ತು, ಆ ಉತ್ತರ ಕೇಳಿಸಿಕೊಳ್ಳಲು ಮನಸ್ಸಿರಲಿಲ್ಲ. ಶೂಗಳನ್ನು ತಿಕ್ಕಿ, ಗಾಲಿ ಕೂರಿಸಿ, ಲಿವರಿಗೆ ಟ್ಯೂಬಿನ ಪಟ್ಟಿ ಕಟ್ಟಿ, ನಟ್ಟು, ಬೋಲ್ಟು ಎಲ್ಲ ಬಿಗಿದು, ಓಣಿಯಲ್ಲಿ ಒಂದು ಸುತ್ತು ಓಡಿಸಿ, ಸರಿ ಆಯಿತು ಅಂದೆ.

ಸರಿ ಆಗಿರಲಿಲ್ಲ.

ಎಂಟು ದಿನಕ್ಕೆ ಬಸ್ಸಿನ ಕಂಡಕ್ಟರ್ ಸುದ್ದಿ ತಂದ. ಜೈನಾಪುರದಲ್ಲಿ ಹೆರಿಗೆ ಕಷ್ಟವಾಗಿ ಡಾಕ್ಟರನ್ನು ಕರೆದಿದ್ದರು. ದಾರಿಯ ತಿರುವಿನಲ್ಲಿ ದನದ ಮೇವಿನ ಕಣಕಿ ತುಂಬಿದ ಬಂಡಿ ಎದುರಾಗಿದೆ. ಡಾಕ್ಟರು ಮುಂದಿನ ಬ್ರೇಕು ಹಿಡಿದಿದ್ದಾರೆ. ಗಾಡಿ ಒಮ್ಮೆಲೇ ಎಡಕ್ಕೆ ಜಗ್ಗಿ ಅವರನ್ನು ಹೊಲದ ಬದುವಿಗೆ ಎಸೆದಿದೆ. ಬಲ ಮುಂಗೈ ಮುರಿದಿತ್ತು. ಜೈನಾಪುರದ ಸೂಲಗಿತ್ತಿ ಗಟ್ಟಿಗಿತ್ತಿ, ತಾಯಿ ಮಗು ಇಬ್ಬರನ್ನೂ ಉಳಿಸಿಕೊಂಡಳು. ಈಗ ಹಳ್ಳಿಗಳಿಗೆ ಡಾಕ್ಟರು ಹೋಗುವುದು ನಿಂತಿದೆ, ಗಾಡಿಯನ್ನೇ ಮಾರಿಬಿಡು ಎಂದು ತಾಯಿ ಹಟ ಹಿಡಿದಿದ್ದಾಳೆ ಎಂದೂ ಕಂಡಕ್ಟರ್ ಹೇಳಿದ. ಬಂದು ನೋಡು ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಉಸ್ತಾದರು ನನ್ನನ್ನು ಪಕ್ಕಕ್ಕೆ ಕರೆದರು. "ಹೋಗಬ್ಯಾಡ. ಹೋದ್ರೂ ಗಾಡಿ ಹಳೇದ್ರಿ, ರಸ್ತಾ ಸುಮಾರ ಐತ್ರಿ ಅನ್ನು. ತಪ್ಪ ನಂದು ಅಂತ ಅಂದೆಂದ್ರ ನಾಳಿಂದ ನಿನ್ನ ಕೈಯಾಗ ಯಾರೂ ಗಾಡಿ ಕೊಡಂಗಿಲ್ಲ."

ಅವರು ಹೇಳಿದ್ದು ನನ್ನ ಒಳ್ಳೆಯದಕ್ಕೇ. ಹೆಸರು ಕೆಟ್ಟರೆ ನನಗೆ ಕಣಿಯ ಕಲ್ಲೇ ಗತಿ. ಆದರೂ ಮನಸ್ಸು ಒಪ್ಪಲಿಲ್ಲ. ಕಪಾಟಿನಿಂದ ಕೈಪಿಡಿ ತೆಗೆದು ಆ ಚಿತ್ರವನ್ನು ಮತ್ತೆ ನೋಡಿದೆ. ಬಹಳ ಹೊತ್ತು ನೋಡಿದೆ. ಲಿವರ್ ಹಿಡಿದ ಕೈಯ ಹೆಬ್ಬೆರಳು ಎಲ್ಲಿದೆ, ಪಾನಾ ಹಿಡಿದ ಕೈಯ ಹೆಬ್ಬೆರಳು ಎಲ್ಲಿದೆ ಎಂದು ನನ್ನ ಕೈಗಳನ್ನು ಹಾಗೇ ಹಿಡಿದು ಹೋಲಿಸಿದೆ. ಎರಡೂ ಬಲಗೈ.

ಅದು ಒಬ್ಬ ಉದ್ದನೆಯ ಮನುಷ್ಯನ ಚಿತ್ರ ಆಗಿರಲಿಲ್ಲ. ಇಬ್ಬರ ಚಿತ್ರ. ಒಬ್ಬರು ಹಿಡಿಯಬೇಕು, ಇನ್ನೊಬ್ಬರು ಬಿಗಿಯಬೇಕು. ಟ್ಯೂಬಿನ ಪಟ್ಟಿ ರಬ್ಬರು, ನಟ್ಟು ಬಿಗಿಯುವಾಗ ಜಗ್ಗಿ ಸಡಿಲ ಬಿಡುತ್ತದೆ, ಶೂಗಳು ನಡುವಿನಿಂದ ಸರಿದುಬಿಡುತ್ತವೆ. ಕೈ ಹಾಗಲ್ಲ, ಅಲುಗಿದ್ದು ತಿಳಿದರೆ ಇನ್ನಷ್ಟು ಅಮುಕುತ್ತದೆ. ಟಿಕೋಟಾದ ಗೋದಾಮಿನಲ್ಲಿ ಸಪಾಟ ನೆಲವೂ ಇತ್ತು, ಲಿವರಿನ ಮೇಲೆ ಒಬ್ಬ ಆಳಿನ ಕೈಯೂ ಇತ್ತು. ನನ್ನ ಕೈಗುಣ ಏನೂ ಇರಲಿಲ್ಲ. ಅದೇ ಪುಟದಲ್ಲಿ ಇನ್ನೆರಡು ಚಿತ್ರಗಳಿದ್ದವು, ನಾನು ಮೊದಲು ಅವಸರದಲ್ಲಿ ನೋಡದೆ ಬಿಟ್ಟವು. ನಟ್ಟು ಬಿಗಿದ ಮೇಲೆ ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ ಮುಂಭಾಗವನ್ನು ನಾಲ್ಕಾರು ಸಲ ಒತ್ತಬೇಕು. ಫೋರ್ಕಿನ ಕಾಲುಗಳು ತಮ್ಮ ಜಾಗ ಹಿಡಿದ ನಂತರ ಎಕ್ಸಲನ್ನು ಕಚ್ಚಿ ಹಿಡಿಯುವ ಅಡಿಯ ಕ್ಲಿಪ್ ಬೋಲ್ಟು ಬಿಗಿಯಬೇಕು, ಅದೇ ಕೊನೆಯದು. ನಾನು ಅದನ್ನು ಮೊದಲೇ ಬಿಗಿದು ಫೋರ್ಕನ್ನು ತಿರುಚಿ ಕೂರಿಸಿದ್ದೆ.

ಮರುದಿನ ಬಬಲೇಶ್ವರದ ಬಸ್ಸು ಹತ್ತಿದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಹೆದರಿಕೆಯಾಗಿತ್ತು.

ನೀಲವ್ವ ಹೊಸ್ತಿಲಲ್ಲೇ ನಿಂತಿದ್ದಳು. ಡಾಕ್ಟರು ಒಳಗಿನ ಕಂಬಕ್ಕೆ ಒರಗಿ ಕೂತಿದ್ದರು, ಬಲಗೈಗೆ ಪಟ್ಟಿ ಹಾಕಿ ಕೊರಳಿಗೆ ಜೋತು ಬಿಟ್ಟಿತ್ತು. ಅವರ ಹಿಂದೆ ಪಡಸಾಲೆಯ ಗೋಡೆಗೆ ಗಾಡಿ ಆನಿಸಿದ್ದರು.

"ಬಂದೇನಪಾ? ನನ್ನ ಮಗನ ಕೈ ಮುರದಿ. ಇನ್ನೇನು ಮುರೀಬೇಕಂತ ಬಂದಿ?"

"ಅವ್ವಾ," ಎಂದು ಡಾಕ್ಟರು ತಡೆಯಲು ಹೋದರು.

"ಅವ್ವಾರು ಅನ್ನೂದು ಖರೇ ಐತ್ರಿ," ಅಂದೆ. "ಗಾಡಿದೂ ತಪ್ಪಿಲ್ಲ, ರಸ್ತಾದೂ ತಪ್ಪಿಲ್ಲ. ತಪ್ಪ ನಂದು. ಓಣಿ ಇಳಿಜಾರ ಐತ್ರಿ. ಅಲ್ಲಿ ಮುಂದಿನ ಗಾಲಿ ನೆಟ್ಟಗ ಕುಂದ್ರಸಾಕ ಆಗಂಗಿಲ್ಲ. ಅದು ನನಗ ಅವತ್ತ ಗೊತ್ತಾಗಿತ್ರಿ. ಗೊತ್ತಾಗಿನೂ ಬಾಯಿ ಬಿಡಲಿಲ್ಲ."

ಆಕೆ ಬೈಯಲು ಎತ್ತಿದ ಕೈ ಇಳಿಸಿದಳು. ತಪ್ಪು ಒಪ್ಪಿಕೊಂಡವನನ್ನು ಹೇಗೆ ಬೈಯಬೇಕೆಂದು ತಿಳಿಯಲಿಲ್ಲವೇನೋ.

"ಈಗ ಏನಂತಿ?"

"ಸಪಾಟ ನೆಲ ಬೇಕ್ರಿ. ನಿಮ್ಮ ಪಡಸಾಲಿ ಸಪಾಟ ಐತಿ. ಒಳಗ ಬಿಟ್ರ ಮಾಡತೀನಿ. ಓಣ್ಯಾಗಂದ್ರ ಮಾಡಂಗಿಲ್ರಿ. ಮತ್ತ ಯಾರದರೆ ಕೈ ಮುರೀತೈತಿ."

ಇಷ್ಟು ಹೇಳುವುದಕ್ಕೆ ನನಗೆ ಹುಟ್ಟಿದಂದಿನಿಂದ ಇಪ್ಪತ್ತೆರಡು ವರ್ಷ ಬೇಕಾಗಿದ್ದವು. ಡಾಕ್ಟರು ತಾಯಿಯನ್ನೇ ನೋಡುತ್ತಿದ್ದರು. ಕೂತಲ್ಲಿಂದ ಎದ್ದು, "ಅವ್ವಾ, ಜೈನಾಪುರದ ಆ ಬಾಣಂತಿಗೆ ಜ್ವರ ಬಂದಾವಂತ. ನಿನ್ನೆ ಆಕೀ ಗಂಡ ಬಂದು ಕುಂತು ಹೋದ. ಬಂಡ್ಯಾಗ ಹೋದ್ರ ಅರ್ಧ ದಿನ, ಮುಂಗೈ ಅಲುಗಾಡಿ ಜೀವ ಹೋಗತೈತಿ. ಗಾಡಿ ನೆಟ್ಟಗಾದ್ರ, ಯಾರರೆ ಓಡಿಸಿದ್ರ ನಾ ಹಿಂದ ಕುಂತು ಹೋಗಬಹುದು," ಅಂದರು.

ನೀಲವ್ವ ಒಳಗೆ ಹೋದಳು. ಇನ್ನು ಹೊರಡುವುದೇ ಸರಿ ಎಂದು ನಾನು ಚೀಲಕ್ಕೆ ಕೈ ಹಾಕಿದೆ. ಒಳಗಿನಿಂದ ಕಸಬರಿಗೆಯ ಸಪ್ಪಳ ಕೇಳಿತು. ಪಡಸಾಲೆಯ ಜೋಳದ ಚೀಲಗಳನ್ನು ಸರಿಸಿ, ಚಪ್ಪಡಿಯ ಮೇಲಿನ ದೂಳು ಬಳಿದು, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಚಪ್ಪಲಿ ಅಲ್ಲೇ ಬಿಟ್ಟು ಬಾ," ಅಂದಳು.

ಹೊಸ್ತಿಲು ದಾಟಿದೆ. ಕಲ್ಲು ತಣ್ಣಗಿತ್ತು. ಡಾಕ್ಟರ ಎಡಗೈಯ ನೆರವಿನಿಂದ ಗಾಡಿಯನ್ನು ಪಡಸಾಲೆಯ ನಡುವಿಗೆ ತಂದು ಸ್ಟ್ಯಾಂಡ್ ಹಾಕಿದೆ. ಅದು ಅಲುಗದೆ ನೆಟ್ಟಗೆ ನಿಂತಿತು. ಹಿಂದಿನ ಗಾಲಿಯ ಎರಡೂ ಬದಿಗೆ ದಾರ ಕಟ್ಟಿ ಮುಂದಿನ ಗಾಲಿಯವರೆಗೆ ಎಳೆದೆ. ಎಡಗಡೆ ದಾರಕ್ಕೂ ಗಾಲಿಗೂ ನಡುವೆ ಎರಡು ಬೆರಳು ಜಾಗ, ಬಲಗಡೆ ಒಂದೇ ಬೆರಳು. ಡಾಕ್ಟರು ಬಗ್ಗಿ ನೋಡಿ, "ಇಷ್ಟಕ್ಕ ನಾ ಹೊಲದಾಗ ಬಿದ್ನೇನು?" ಅಂದರು. ಫೋರ್ಕಿನ ಬೋಲ್ಟುಗಳನ್ನೂ ಎಕ್ಸಲ್ ನಟ್ಟನ್ನೂ ಸಡಿಲಿಸಿ, ಮುಂದಿನ ಗಾಲಿಯನ್ನು ಎರಡು ಮೊಣಕಾಲ ನಡುವೆ ಅಮುಕಿ, ಹ್ಯಾಂಡಲ್ ತಿರುಗಿಸಿ ನೆಟ್ಟಗೆ ತಂದೆ. ದಾರ ಎರಡೂ ಕಡೆ ಸಮ ಬಂತು. ಇಂದಿಗೂ ಮನೆಯಲ್ಲಿ ಇದಕ್ಕಿಂತ ಸುಲಭದ ಪರೀಕ್ಷೆ ನನಗೆ ಗೊತ್ತಿಲ್ಲ.

ಇನ್ನು ಉಳಿದದ್ದು ಲಿವರ್ ಹಿಡಿಯುವುದು. ಡಾಕ್ಟರ ಬಲಗೈ ಕೊರಳಲ್ಲಿ ಜೋತಿದೆ. ಕಂಪೌಂಡರ್ ದವಾಖಾನೆಯಲ್ಲಿ. ನಾನು ಸುತ್ತಮುತ್ತ ನೋಡಿದೆ. ಡಾಕ್ಟರು ಎಡಗೈ ಚಾಚಿದರು, ಓರೆಯಾಗಿ ಹಿಡಿದು ಬಲ ಬೀಳಲಿಲ್ಲ.

"ಸರಿ ಆಕಡೆ," ಅಂದಳು ನೀಲವ್ವ. "ಏನ್ ಹಿಡೀಬೇಕು, ತೋರ್ಸು."

ತೋರಿಸಿದೆ. ಸೀರೆಯ ಸೆರಗು ಸಿಕ್ಕಿಸಿ ಗಾಡಿಯ ಬಲಬದಿಗೆ ನಿಂತಳು. ಜೀವನವಿಡೀ ಬೀಸುಕಲ್ಲು ತಿರುಗಿಸಿದ, ರೊಟ್ಟಿ ಬಡಿದ ಕೈ ಅದು. ಆಕೆ ಹಿಡಿದಳೆಂದರೆ ತಂತಿ ಎಲ್ಲಿ ಹರಿಯುತ್ತದೋ ಎಂದು ನನಗೆ ಅಂಜಿಕೆಯಾಯಿತು. ನಾನು ನೆಲಕ್ಕೆ ಕೂತು ನಟ್ಟಿಗೆ ಪಾನಾ ಹಾಕಿದೆ. ಆಕೆಯ ಸೀರೆಯ ಅಂಚಿಗೂ ನನ್ನ ಹೆಗಲಿಗೂ ಒಂದು ಗೇಣು ಅಂತರ. ನಾಲ್ಕು ಹೆಜ್ಜೆ ದೂರದಿಂದ ಈ ಕೆಲಸ ಆಗುವಂಥದ್ದಲ್ಲ.

"ಬಿಗಿ ಹಿಡೀರಿ ಅವ್ವಾರ."

"ಹಿಡಿದೀನಿ."

"ಇನ್ನೊಂಚೂರು."

"ಹಿಡಿದೀನಿ ಅಂದ್ನಲ್ಲ. ನೀ ತಿರುವು."

ನಟ್ಟು ಬಿಗಿಯಾಗುತ್ತ ಬಂತು. ಆಕೆಯ ಕೈ ಒಂದಿಷ್ಟೂ ಸಡಿಲವಾಗಲಿಲ್ಲ. ಕೆಲಸದ ನಡುವೆಯೇ ಆಕೆ ಕೇಳಿದಳು: "ಹೋದ ಸಲ ಇದನ್ನ ಯಾರು ಹಿಡಿದಿದ್ರು?"

"ಯಾರೂ ಇಲ್ರಿ. ಟ್ಯೂಬಿನ ಪಟ್ಟಿ ಕಟ್ಟಿದ್ದೆ."

"ಯಾಕ? ಮನ್ಯಾಗ ನಾ ಇದ್ನಲ್ಲ. ಕರೀಬೇಕಿತ್ತು."

ಸುಮ್ಮನಿರಬಹುದಿತ್ತು. ಸುಮ್ಮನಿದ್ದದ್ದಕ್ಕೇ ಒಬ್ಬರ ಕೈ ಮುರಿದಿತ್ತಲ್ಲ, ಕೇಳಿಬಿಟ್ಟೆ: "ಕರೆದಿದ್ರ ಬರ್ತಿದ್ರೇನ್ರಿ?"

ಡಾಕ್ಟರು ನೆಲ ನೋಡಿದರು. ನಾನು ತಲೆ ಎತ್ತಲಿಲ್ಲ.

"ಇಲ್ಲ," ಅಂದಳು ನೀಲವ್ವ. ಲಿವರನ್ನು ಇನ್ನಷ್ಟು ಅಮುಕಿ, "ಬರ್ತಿರಲಿಲ್ಲ," ಎಂದು ಇನ್ನೊಮ್ಮೆ ಹೇಳಿದಳು.

ಆಕೆ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಆ ಹೊತ್ತಿನಿಂದ ಆಕೆಯ ಮೇಲೆ ನನಗಿದ್ದ ಸಿಟ್ಟು ಇಳಿಯಿತು, ಪೂರಾ ಹೋಯಿತು ಅಂದರೆ ನಾನು ಸುಳ್ಳುಗಾರ ಆಗುತ್ತೇನೆ.

"ಆತ್ರಿ, ಬಿಡ್ರಿ," ಅಂದೆ.

ಆಕೆ ಬಿಡಲಿಲ್ಲ. "ಪೂರಾ ಬಿಗಿ ಆಗೇತೇನು, ಇನ್ನೊಮ್ಮೆ ನೋಡು," ಅಂದಳು. ಇನ್ನೊಮ್ಮೆ ಪಾನಾ ಹಾಕಿ ನೋಡಿದೆ. ಆಮೇಲೆ ಸ್ಟ್ಯಾಂಡ್ ಇಳಿಸಿ, ಮುಂಭಾಗವನ್ನು ನಾಲ್ಕಾರು ಸಲ ಒತ್ತಿ, ಕೊನೆಗೆ ಕ್ಲಿಪ್ ಬೋಲ್ಟು ಬಿಗಿದೆ.

ಜೈನಾಪುರಕ್ಕೆ ನಾನೇ ಓಡಿಸಿದೆ, ಡಾಕ್ಟರು ಔಷಧದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತರು. ಬಿದ್ದ ತಿರುವು ಬಂದಾಗ ಅವರು, "ಇಲ್ಲೇ ನೋಡು, ಇಲ್ಲೇ ಹಿಡಿ," ಅಂದರು. ಮುಂದಿನ ಬ್ರೇಕು ಹಿಡಿದೆ. ಗಾಡಿ ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ಇಳಿದು ಹಿಂದೆ ನೋಡಿದರೆ ದೂಳಿನಲ್ಲಿ ಗಾಲಿಯ ಗೆರೆ ಬಿತ್ತಿದ ಸಾಲಿನಂತೆ ನೆಟ್ಟಗಿತ್ತು. ಡಾಕ್ಟರು ಎಡಗೈಯಿಂದ ನನ್ನ ಬೆನ್ನು ತಟ್ಟಿದರು. ಬಾಣಂತಿಗೆ ಸೂಜಿ ಚುಚ್ಚಿ, ಮಗುವಿನ ಹೊಟ್ಟೆ ಮುಟ್ಟಿ ನೋಡಿ, ಅಂಜುವ ಕಾರಣ ಇಲ್ಲ ಎಂದು ಅವರು ಹೇಳಿದಾಗ ನಾನು ಹೊರಗೆ ಕಟ್ಟೆಯ ಮೇಲೆ ಕೂತು ಕಣ್ಣೊರೆಸಿಕೊಂಡೆ. ಮುಂದೆ ಅವರ ಮುಂಗೈ ಕೂಡುವವರೆಗೂ ವಾರಕ್ಕೆ ಎರಡು ದಿನ ಬಂದು ಅವರನ್ನು ಹಳ್ಳಿಗಳಿಗೆ ಕರೆದೊಯ್ದೆ. ಉಸ್ತಾದರು ಗೊಣಗುತ್ತಲೇ ರಜೆ ಕೊಟ್ಟರು. ಕೆಲವು ತಿಂಗಳ ನಂತರ ಅವರೂ ಲಿವರ್ ಹಿಡಿದು ನಿಂತು, "ತಿರುವಲೇ, ನೋಡಕೋತ ಕುಂತಿ," ಎಂದು ನನ್ನನ್ನೇ ಬೈಯುವಷ್ಟು ಬದಲಾದರು.

ಆದರೆ ನಾನು ಹೇಳಬೇಕಾದದ್ದು ಆ ದಿನ ಜೈನಾಪುರದಿಂದ ತಿರುಗಿ ಬಂದಾಗಿನದು. ನೀಲವ್ವ ಬಾಗಿಲಲ್ಲಿದ್ದಳು. ಎದುರುಮನೆಯ ಸಂಗಪ್ಪನವರು ತಮ್ಮ ಕಟ್ಟೆಯ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದರು. ಅವರ ಮನೆಯಲ್ಲೂ ಒಂದು ಫಟಫಟಿ ಇತ್ತು, ಮುಂದಿನ ಬ್ರೇಕಿನ ತಂತಿ ಬಿಚ್ಚಿಸಿದ್ದು.

"ಎಳೀತೇನು?" ಎಂದು ನೀಲವ್ವ ನನ್ನನ್ನು ಕೇಳಿದಳು.

"ಇಲ್ರಿ. ನೆಟ್ಟಗ ನಿಂತಿತ್ರಿ."

ಸಂಗಪ್ಪನವರು ಗಂಟಲು ಸರಿಮಾಡಿಕೊಂಡರು. "ಅಲ್ಲ ನೀಲವ್ವಾ, ಮುಂಜಾನೆ ನಿಮ್ಮ ಪಡಸಾಲ್ಯಾಗ ಯಾರು ಬಂದಿದ್ರು?"

ಅವರಿಗೆ ಗೊತ್ತಿತ್ತು. ಓಣಿಗೆಲ್ಲ ಗೊತ್ತಿತ್ತು. ನಾನು ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆಗೆ ತಿರುಗಿದೆ. ಇಂಥ ಪ್ರಶ್ನೆಗೆ ಬರುವ ಉತ್ತರವನ್ನು ನಿಂತು ಕೇಳುವ ರೂಢಿ ನನಗಿರಲಿಲ್ಲ.

"ಮಿಸ್ತ್ರಿ ಬಂದಿದ್ದ," ನೀಲವ್ವನ ದನಿ ಓಣಿಯ ತುದಿಯವರೆಗೆ ಕೇಳಿತು. "ನಾನೂ ಅವನೂ ಕೂಡಿ ಬ್ರೇಕ್ ಮಾಡೀವಿ. ನಿಮ್ಮ ಗಾಡಿ ಮಾಡಸೂದಿದ್ರ ನಮ್ಮ ಮನಿಗಿ ತರ್ರಿ. ಹಿಡಿಯಾಕ ನಾ ಇದ್ದೀನಿ."